ಗೇರ್ ಬಿಡದ ಓಬಣ್ಣ

ಮದಕರಿಪುರದ ಓಬಣ್ಣ ಮೂವತ್ತು ವರ್ಷ ಹಳೇ ಪೆಟ್ರೋಲ್ ಜೀಪು ಓಡಿಸಿದವನು. ಬೆಳಿಗ್ಗೆ ಎದ್ದರೆ ಒಂದು ಬೀಡಿ ಮುಗಿಯುವವರೆಗೂ ಜೀಪಿಗೆ ನಿಂತಲ್ಲೇ ರೇಸ್ ಕೊಡುತ್ತಿದ್ದ. ಇಳಿಜಾರು ಕಂಡರೆ ಕೈ ತಾನಾಗೇ ನ್ಯೂಟ್ರಲ್‌ಗೆ ಹೋಗುತ್ತಿತ್ತು. ಪೆಟ್ರೋಲ್ ಉಳಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಮಹಾಶಯನ ನಂಬಿಕೆ.

ಊರಿನ ಮಹಿಳಾ ಸಂಘದವರು ಬಾಡಿಗೆಗೆಂದು ಹೊಸ ಪೆಟ್ರೋಲ್ ಕಾರು ತಂದಿದ್ದರು. ಅದನ್ನು ಓಡಿಸುವವರು ಓಬಣ್ಣ ಮತ್ತು ಅವನ ಸೊಸೆ ಗಿರಿಯಮ್ಮ. ಓಬಣ್ಣ ಇದಕ್ಕೂ ನಿಂತಲ್ಲೇ ರೇಸ್ ಕೊಟ್ಟ, ಊರ ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಪೆಟ್ರೋಲನ್ನೇ ಹಾಕಿದ. ತಿಂಗಳು ಕಳೆದರೂ ಲೀಟರಿಗೆ ಹದಿಮೂರು ಕಿಲೋಮೀಟರ್ ದಾಟಲಿಲ್ಲ. ಸಂಘದ ಅಧ್ಯಕ್ಷೆ ಗಂಗಕ್ಕ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಸೋಮವಾರದೊಳಗೆ ಹದಿನೇಳು ಬರಲಿಲ್ಲ ಅಂದ್ರೆ ಕಾರು ಮಾರಿಬಿಡಾಣ."

ಗಿರಿಯಮ್ಮ ಕೆಲಸ ಉಳಿಸಿಕೊಳ್ಳಲು ಮೆಕ್ಯಾನಿಕ್ ಹತ್ತಿರ ಓಡಿದಳು. ಹಟ ಹಿಡಿದು ಲೈಸೆನ್ಸ್ ಮಾಡಿಸಿಕೊಂಡು ಹಿಡಿದ ಕೆಲಸ ಅದು. ಓಬಣ್ಣ ಮಾತ್ರ, "ಕಾರೇ ಸರಿಯಿಲ್ಲ ಬಿಡು," ಎಂದ.

ಶನಿವಾರ ಜೋಗಿಮಟ್ಟಿ ಬೆಟ್ಟಕ್ಕೆ ಜನರನ್ನು ಬಿಟ್ಟು ಇಬ್ಬರೂ ವಾಪಸ್ ಬರುತ್ತಿದ್ದರು. ಇಳಿಜಾರು ಬಂತು, ಓಬಣ್ಣ ನ್ಯೂಟ್ರಲ್ ಮಾಡಿದ.

"ಮಾವ, ಗೇರ್ ತೆಗೀಬೇಡ್ರಿ."

"ಏನಮ್ಮ, ನಂಗೇ ಹೇಳಿಕೊಡ್ತೀಯಾ?"

"ಮೆಕ್ಯಾನಿಕ್ ಹಾಲಸ್ವಾಮಿ ಹೇಳಿದ್ದು ಕೇಳ್ರಿ. ಜೀಪಿನಾಗೆ ಪೆಟ್ರೋಲು, ಗಾಳಿ ಹೊರಗೇ ಬೆರೆತು ಒಳಗೆ ಹೋಗ್ತಿದ್ವು. ಇದರಾಗೆ ಬೆಂಕಿ ಹತ್ತೋ ಜಾಗಕ್ಕೇ ಪೆಟ್ರೋಲು ಮಂಜಿನಂಗೆ ಚಿಮ್ಮತೈತೆ. ಅಳತೆ ಮಾಡಿ, ಬೇಕಾದಷ್ಟೇ. ಕಾಲುವೆ ತುಂಬ ನೀರು ಬಿಡೋದು ಬೇರೆ, ಗಿಡದ ಬುಡಕ್ಕೇ ಹನಿ ಬಿಡೋದು ಬೇರೆ ಅಲ್ವಾ? ಆ ಮಂಜಿಗೆ ಒಳಗಿನ ಗಾಳಿ ತಣ್ಣಗಾಗ್ತೈತೆ, ಇನ್ನೂ ಬಿಗಿಯಾಗಿ ಒತ್ತಬೋದು. ಅಷ್ಟೇ ಪೆಟ್ರೋಲಿಗೆ ಜಾಸ್ತಿ ಕಸುವು."

"ಸರಿ, ಅದಕ್ಕೂ ಇಳಿಜಾರಿಗೂ ಏನು?"

"ಗೇರ್‌ನಾಗೇ ಇದ್ದು ಕಾಲು ತೆಗೆದ್ರೆ ಚಕ್ರವೇ ಎಂಜಿನ್ ತಿರುಗಿಸ್ತೈತೆ, ಪೆಟ್ರೋಲ್ ಚಿಮ್ಮೋದೇ ನಿಲ್ತೈತೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರಬಾರದಲ್ಲ, ಕುಡೀತಾನೇ ಇರ್ತೈತೆ. ಮೀಟರ್ ನೋಡ್ರಿ."

ಮೈಲೇಜ್ ತೋರಿಸುವ ಗೆರೆ ಅರ್ಧಕ್ಕೆ ನಿಂತಿತ್ತು. ಓಬಣ್ಣ ಬೇಕೋ ಬೇಡವೋ ಎಂಬಂತೆ ಮೂರನೇ ಗೇರ್ ಹಾಕಿ ಕಾಲು ತೆಗೆದ. ಗೆರೆ ಸರ್ರನೆ ತುದಿ ಮುಟ್ಟಿತು. ಹಾಲಸ್ವಾಮಿ ಇನ್ನೇನೇನು ಹೇಳಿದ ಎಂದು ಉಳಿದ ದಾರಿಯೆಲ್ಲ ಸೊಸೆಯನ್ನು ಕೇಳುತ್ತಾ ಬಂದ. ಮನೆ ಮುಟ್ಟಿದ ಮೇಲೆ, "ನಾಳೆಯಿಂದ ನಿಂತಲ್ಲಿ ರೇಸೂ ಬ್ಯಾಡ, ಅಂಗಡಿ ಬಾಟ್ಲಿ ಪೆಟ್ರೋಲೂ ಬ್ಯಾಡ," ಎಂದ.

ಸೋಮವಾರ ದುರ್ಗದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಗಂಗಕ್ಕನನ್ನೂ ಕೂರಿಸಿಕೊಂಡು ಹಿರಿಯೂರಿಗೆ ಹೋಗಿ ಬಂದರು. ಓಡಿಸಿದ್ದು ಓಬಣ್ಣನೇ. ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಗಂಗಕ್ಕ ಎರಡು ಸಲ ಲೆಕ್ಕ ಹಾಕಿದಳು. ಲೀಟರಿಗೆ ಹದಿನೆಂಟು.

ಓಬಣ್ಣ ಕೆಳಗಿಳಿದು ಕೀ ತೆಗೆದು ಸೊಸೆಯ ಕೈಗಿಟ್ಟ. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ, ನಂದೂ ಹಂಗೇ ಆತು ಗಂಗಕ್ಕ. ಊರಿಗೆ ಇವಳೇ ಓಡಿಸ್ಲಿ, ನಾನು ಪಕ್ಕದಾಗೆ ಕುಂತು ಕಲೀತೀನಿ." ಗಿರಿಯಮ್ಮ ದಾರಿಯುದ್ದಕ್ಕೂ ನಗುತ್ತಲೇ ಇದ್ದಳು. ಊರ ಬಾಗಿಲಲ್ಲಿ ಹಾರ್ನ್ ಒತ್ತಿದವನು ಓಬಣ್ಣ.

ನಿಮ್ಮ ಮನೆಗೂ ಇಂಥ ಕಾರು ಬಂದಿದೆಯೇ? ಹಳೇ ಗಾಡಿಯ ಚಾಳಿ ಹಳೇ ಗಾಡಿಗೇ ಇರಲಿ. ನಿಂತಲ್ಲೇ ರೇಸ್ ಕೊಡಬೇಡಿ. ಕಸವಿದ್ದರೆ ಪೆಟ್ರೋಲ್ ಚಿಮ್ಮುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ, ಬಂಕಿನ ಶುದ್ಧ ಪೆಟ್ರೋಲನ್ನೇ ಹಾಕಿಸಿ. ಇಳಿಜಾರಿನಲ್ಲಿ ಗೇರ್ ಬಿಡಬೇಡಿ. ಪೆಟ್ರೋಲೂ ಉಳಿಯುತ್ತದೆ, ಗಾಡಿಯೂ ನಿಮ್ಮ ಹಿಡಿತದಲ್ಲಿರುತ್ತದೆ.