ಇದೆ ಎಂದವರು

ಶೇರು ಪೇಟೆಯ ಒಳಹೊರಗು ಬಲ್ಲವರು ಹೇಳಬೇಕಾದ ಕಥೆ ಇದು. ಬಲ್ಲವರು ಯಾರೂ ಹೇಳುವಂತೆ ಕಾಣದ್ದರಿಂದ ಅರ್ಧಂಬರ್ಧ ತಿಳಿದವರ ಬಾಯಿಂದ ಬರುತ್ತಿದೆ. ಎಲ್ಲಾದರೂ ಎಡವಿದ್ದರೆ ಓದುವವರು ಕ್ಷಮಿಸಿ ಮುಂದೆ ಸಾಗಬೇಕು.

ರುದ್ರಸ್ವಾಮಿಯವರು ಸ್ಟೀಲಿನ ಹರಿವಾಣ ಹಿಡಿದು ಬಂದಾಗ ಪ್ರೇಮ್‌ಕುಮಾರ್ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ. ಕಡಕೊಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ವಿಜಯನಗರದ ಮನೆಗೂ ಹೋಗದೆ ನೇರವಾಗಿ ಜಯಲಕ್ಷ್ಮಿಪುರಂನ ಅವರ ಮನೆಗೆ ಬಂದಿದ್ದ. ಮನೆಗೆ ಹೋದರೆ ಮಲಗಿಬಿಡುತ್ತೇನೆ, ಮಲಗಿದರೆ ಹೇಳಬೇಕಾದದ್ದು ಈ ಭಾನುವಾರವೂ ತಪ್ಪಿಹೋಗುತ್ತದೆ ಎಂಬ ಭಯ ಅವನಿಗೆ. "ಫೋನ್ ಹಾಕಿ ಪ್ರೇಮ್‌ಕುಮಾರ್ ಅವರೇ" ಎಂದರು ರುದ್ರಸ್ವಾಮಿ. ಗಾಜು ಬಿರಿದಿದ್ದ ತನ್ನ ಫೋನನ್ನು ಅವನು ಹರಿವಾಣದಲ್ಲಿ ಬೋರಲಾಗಿ ಇಟ್ಟ. ಮಹೇಶನದೂ ಭಾನುಪ್ರಿಯಾಳದೂ ಆಗಲೇ ಅಲ್ಲಿದ್ದವು. ರುದ್ರಸ್ವಾಮಿ ಕೊನೆಗೆ ತಮ್ಮದನ್ನೂ ಸೇರಿಸಿ, ಹರಿವಾಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದರು.

ಅದು ಆ ಗುಂಪಿನ ಪದ್ಧತಿ. ಅಲ್ಲಿ ಸೇರುವವರು ನಾಲ್ಕೇ ಜನ. ಮಠದ ಹಾಸ್ಟೆಲುಗಳಿಗೆ ನೋಟ್‌ಬುಕ್ಕು, ಶಾಯಿ, ಕಾಗದ ಒದಗಿಸುವ ಅಂಗಡಿ ನಡೆಸಿ, ಈಗ ಅದನ್ನು ಮುಚ್ಚಿ ಮನೆಯಲ್ಲಿರುವ ರುದ್ರಸ್ವಾಮಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮಹೇಶ್, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಭಾನುಪ್ರಿಯಾ, ಆಮೇಲೆ ಪ್ರೇಮ್‌ಕುಮಾರ್. ಎಲ್ಲರೂ ಟೆಕ್ನಾಲಜಿ ಕಂಪನಿಗಳ ಶೇರುಗಳನ್ನಷ್ಟೇ ಕೊಳ್ಳುವುದು, ಕೊಂಡದ್ದನ್ನು ಮುಚ್ಚಿಡದೆ ಹೇಳುವುದು, ಒಬ್ಬರು ಮಾಡಿದ ತಪ್ಪಿನಿಂದ ಉಳಿದವರು ಕಲಿಯುವುದು ಎಂದು ಮಾತಾಗಿತ್ತು. ಮೊದಮೊದಲು ಫೋನು ಕೈಯಲ್ಲಿದ್ದಾಗ ಒಬ್ಬರ ಲಾಭ ಇನ್ನೊಬ್ಬರು ಇಣುಕಿ ನೋಡಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಅದಕ್ಕೇ ಹರಿವಾಣ ಬಂದದ್ದು. ರುದ್ರಸ್ವಾಮಿ ಒಂದೊಂದೇ ಕಂಪನಿಯ ಹೆಸರು ಕೂಗುತ್ತಾರೆ. ಇಟ್ಟುಕೊಂಡವರು "ಇದೆ" ಎನ್ನಬೇಕು, ಮಾರಿದವರು "ಇಲ್ಲ" ಎನ್ನಬೇಕು. ಸ್ಕೂಲಿನ ಹಾಜರಿಯ ಹಾಗೆ. ಬಾಯಿಮಾತೇ ಪುರಾವೆ. ಹಾಜರಿ ಆದಮೇಲೆ ಪ್ರತಿಯೊಬ್ಬರೂ ತಮ್ಮದೊಂದು ತಪ್ಪು ಹೇಳಬೇಕು. ತಪ್ಪು ಹೇಳದವರಿಗೆ ಕಾಫಿ ಇಲ್ಲ.

ಪ್ರೇಮ್‌ಕುಮಾರನಿಗೆ ಲಾಭಕ್ಕಿಂತ ಆ ಕುರ್ಚಿ ದೊಡ್ಡದಾಗಿತ್ತು. ಅವನ ಅಪ್ಪ ಮಂಟಯ್ಯ ಊರು ಬಿಟ್ಟು ಬಂದ ಹೊಸದರಲ್ಲಿ ಇಂಥವೇ ಮನೆಗಳ ಕಾಂಪೌಂಡಿಗೆ ಸುಣ್ಣ ಹೊಡೆಯುತ್ತಿದ್ದ. ನೀರು ಬೇಕಾದರೆ ಹಿತ್ತಲ ನಲ್ಲಿ ತೋರಿಸುತ್ತಿದ್ದರಂತೆ. ಮೊದಲ ಭಾನುವಾರ ಈ ಪೋರ್ಟಿಕೋದಲ್ಲಿ ರುದ್ರಸ್ವಾಮಿಯವರ ಹೆಂಡತಿ ಬಸಮ್ಮ ಎಲ್ಲರಿಗೂ ಒಂದೇ ತರಹದ ಲೋಟದಲ್ಲಿ ಕಾಫಿ ತಂದಾಗ, ಪ್ರೇಮ್‌ಕುಮಾರ್ ತನ್ನ ಲೋಟವನ್ನು ಒಮ್ಮೆ, ಪಕ್ಕದವರ ಲೋಟವನ್ನು ಒಮ್ಮೆ ನೋಡಿದ್ದ. ಸಂಜೆ ಕಾಲೇಜಿನಲ್ಲಿ ಓದಿ ಬಿ.ಕಾಂ. ಮಾಡಿದವನು, ಹಗಲಿನ ಕಾಲೇಜಿನವರ ಎದುರು ಇಂದಿಗೂ ಮಾತು ಶುರು ಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವವನು. ಇಲ್ಲಿ ಅವನ ಮಾತಿಗೆ ಮೂರು ಜನ ಕಾಯುತ್ತಿದ್ದರು.

ಹಾಗೆ ಕಾಯುತ್ತಿದ್ದವರಿಗೇ ಅವನು ಸುಳ್ಳು ಹೇಳುತ್ತ ಬಂದಿದ್ದ.

ನಿಚಯ ಸಿಸ್ಟಮ್ಸ್ ಎಂಬ ಕಂಪನಿಯನ್ನು ಗುಂಪಿಗೆ ತಂದವನು ಮಹೇಶ್. ನಾಲ್ವರೂ ಕೊಂಡಿದ್ದರು. ಒಂದಷ್ಟು ದಿನ ಅದು ಚೆನ್ನಾಗಿಯೇ ಏರಿತು, ಆಮೇಲೆ ವಿದೇಶದ ದೊಡ್ಡ ಗಿರಾಕಿಯೊಬ್ಬ ಕೈಬಿಟ್ಟನೆಂದು ಇಳಿಯತೊಡಗಿತು. ದಿನವೂ ಇಳಿಯುವುದನ್ನು ನೋಡುವುದೇ ಪ್ರೇಮ್‌ಕುಮಾರನಿಗೆ ಒಂದು ಪಾಳಿಯ ಕೆಲಸವಾಯಿತು. ಯುಗಾದಿಗೆ ಮುಂಚಿನ ಒಂದು ಮಧ್ಯಾಹ್ನ, ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಅಷ್ಟನ್ನೂ ಮಾರಿಬಿಟ್ಟ. ಯಾವ ಲೆಕ್ಕಾಚಾರವೂ ಅದರ ಹಿಂದೆ ಇರಲಿಲ್ಲ. ಸಾಕಾಗಿತ್ತು, ಅಷ್ಟೇ. ಅವತ್ತು ಅನ್ನ ರುಚಿಸಿತು.

ಆದರೆ ಮುಂದಿನ ಭಾನುವಾರ ರುದ್ರಸ್ವಾಮಿ "ನಿಚಯ?" ಎಂದಾಗ ಮಹೇಶ್ ಇದೆ ಎಂದ, ಭಾನುಪ್ರಿಯಾ ಇದೆ ಎಂದಳು, ರುದ್ರಸ್ವಾಮಿ ನಗುಮುಖದಿಂದ ಇವನ ಕಡೆ ತಿರುಗಿದರು. ಇವನ ಬಾಯಿಂದಲೂ ಅದೇ ಬಂತು. ಮುಂದಿನ ವಾರ ಸರಿಮಾಡೋಣ ಅಂದುಕೊಂಡ. ಮುಂದಿನ ವಾರ ಹಿಂದಿನ ವಾರದ್ದನ್ನೂ ಸೇರಿಸಿ ಹೇಳಬೇಕಾಗಿತ್ತು, ಅದು ಇನ್ನೂ ಕಷ್ಟವಾಯಿತು. ತಪ್ಪು ಹೇಳುವ ಸರದಿಯಲ್ಲಿ ಅವನು ಹಳೆಯ, ಗಾಯ ಒಣಗಿದ ತಪ್ಪುಗಳನ್ನು ಹೇಳಿ ಕಾಫಿ ಕುಡಿದು ಬರುತ್ತಿದ್ದ. ಯಾರೋ ಟೀವಿಯಲ್ಲಿ ಹೇಳಿದ್ದು ಕೇಳಿ ಕೊಂಡದ್ದು, ಕಂಪನಿಗೆ ಸಾಲ ಎಷ್ಟಿದೆ ಎಂದು ನೋಡದೆ ಕೊಂಡದ್ದು. ಎಲ್ಲರೂ ತಲೆದೂಗುತ್ತಿದ್ದರು. ಈಗ ಆಷಾಢ ಬಂದಿತ್ತು. ಬ್ಲೌಸು ಹೊಲಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದ ಅವನ ಹೆಂಡತಿ ಸುಮಾ ತಲೆ ಎತ್ತದೆ, "ನಿನ್ ದುಡ್ಡು ನೀನ್ ಮಾರ್ಕಂಡೆ, ಅದ್ರಲ್ಲೇನು? ಆ ಮನೆಗೋಗಿ ಸುಳ್ಳೇಳದು ಯಾವ ಶೇರು?" ಎಂದಿದ್ದಳು.

ಇವತ್ತು ಹಾಜರಿ ಶುರುವಾಗುವ ಮುಂಚೆ ರುದ್ರಸ್ವಾಮಿ ಒಂದು ವಿಷಯ ಹೇಳುವುದಿದೆ ಎಂದರು. ಹಣೆಯ ವಿಭೂತಿ ಬೆವರಿಗೆ ಸ್ವಲ್ಪ ಅಳಿಸಿತ್ತು. ನಿಚಯ ಈಗ ಅರ್ಧ ಬೆಲೆಗೆ ಬಿದ್ದಿದೆ. ಬಿದ್ದಾಗ ಕೊಳ್ಳುವವನೇ ಜಾಣ ಎಂದು ನಾವೇ ಎಷ್ಟು ಸಲ ಮಾತಾಡಿಕೊಂಡಿಲ್ಲ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಡಿಪಾಸಿಟ್ ಮುರಿಸಿ ಅಷ್ಟನ್ನೂ ಅದಕ್ಕೇ ಹಾಕುತ್ತೇನೆ ಎಂದರು. ಹೇಳುವಾಗ ಅವರ ದನಿಯಲ್ಲಿ ಹುಡುಗಾಟದಂಥ ಹುರುಪಿತ್ತು.

ಬಾಗಿಲ ಚೌಕಟ್ಟಿಗೆ ಒರಗಿ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದ ಬಸಮ್ಮ ಅಲ್ಲಿಂದಲೇ, "ಅದು ನನ್ ಮಂಡಿ ದುಡ್ಡು ಕಣ್ರಪ್ಪ" ಎಂದರು. "ಆಪರೇಷನ್‌ಗೆ ಅಂತ ಇಟ್ಟಿದ್ದು. ದುಡ್ಡು ಕಂಪ್ಯೂಟರ್ ಕಂಪನಿಗೆ ನಡ್ಕೊಂಡ್ ಹೋಯ್ತದಂತೆ, ನಾನು ಇಲ್ಲೇ ಕುಂಟ್ಕೊಂಡಿರ್ಬೇಕಂತೆ."

"ಒಂದ್ ವರ್ಷ ತಡ್ಕೊಳ್ಳೆ. ಒಂದ್ ಮಂಡಿ ದುಡ್ಡು ಎರಡು ಮಂಡಿಗಾಯ್ತದೆ."

"ಎರಡನೇದು ನಿಮಗೇ ಹಾಕಿಸ್ಕೊಳ್ಳಿ ಬುಡಿ" ಎಂದು ಬಸಮ್ಮ ಗೋಡೆ ಹಿಡಿದು ಒಳಗೆ ಹೋದರು. ಎಲ್ಲರೂ ನಕ್ಕರು. ರುದ್ರಸ್ವಾಮಿ ನಗು ನಿಲ್ಲಿಸಿ, ತಮಗೂ ಅಳುಕು ಇಲ್ಲದಿಲ್ಲ ಎಂದರು. "ಆದ್ರೆ ನೀವ್ ಮೂರು ಜನ ಇಷ್ಟು ಬಿದ್ರೂ ಕೈ ಬಿಟ್ಟಿಲ್ವಲ್ಲ, ಅದೇ ನಂಗೆ ಧೈರ್ಯ."

ಪ್ರೇಮ್‌ಕುಮಾರನ ನಿದ್ದೆ ಹಾರಿಹೋಯಿತು. ಹೇಳಬೇಕೆಂದೇ ಬಂದಿದ್ದ, ನಿಜ. ಆದರೆ ಅವನು ಅಂದುಕೊಂಡಿದ್ದು ಬೇರೆ. ಹಾಜರಿಯಲ್ಲಿ ಮೆಲ್ಲಗೆ ಇಲ್ಲ ಎನ್ನುವುದು, ಈ ವಾರವೇ ಮಾರಿದೆ ಎಂಬಂತೆ ಕೇಳಿಸಿದರೆ ಕೇಳಿಸಲಿ ಎಂದು ಸುಮ್ಮನಾಗುವುದು. ಅರ್ಧ ಸತ್ಯ ಸಾಕೆಂದು ಲೆಕ್ಕ ಹಾಕಿದ್ದ. ಈಗ ಅದು ಸಾಲದು ಅನ್ನಿಸಿತು. ಈ ವಾರ ಮಾರಿದ್ದೇನೆ ಅಂದರೆ, ನೋಡಿ ಇವನು ಹೆದರಿದ, ಈಗಲೇ ಕೊಳ್ಳುವ ಸಮಯ ಅನ್ನುತ್ತಾರೆ. ಉಳಿದವರು ಹೆದರಿ ಮಾರುವಾಗಲೇ ಕೊಳ್ಳಬೇಕೆಂಬ ಆ ಪಾಠವನ್ನೂ ಇದೇ ಪೋರ್ಟಿಕೋದಲ್ಲಿ ಕಲಿತದ್ದು.

ಹಾಜರಿ ನಡೆಯಿತು. ಮೂರು ನಾಲ್ಕು ಕಂಪನಿ ಆದವು. "ನಿಚಯ?" ಎಂದರು ರುದ್ರಸ್ವಾಮಿ. ಮಹೇಶ್ ಕಾಲಿನ ಮೇಲೆ ಕಾಲು ಹಾಕಿಕೊಂಡು ಇದೆ ಎಂದ. ಭಾನುಪ್ರಿಯಾ ದುಪಟ್ಟಾದ ತುದಿ ನೋಡುತ್ತ ಇದೆ ಎಂದಳು.

ಪ್ರೇಮ್‌ಕುಮಾರ್ ಗಂಟಲು ಸರಿಮಾಡಿಕೊಂಡ. "ನಂದು ಇಲ್ಲ ಸಾರ್."

"ಓ. ಯಾವಾಗ, ಶುಕ್ರವಾರನಾ?"

"ಯುಗಾದಿಗೂ ಮುಂಚೆ ಸಾರ್. ಎಲ್ಲಾನೂ ಮಾರ್ಬುಟ್ಟೆ. ಆಮೇಲೆ ಇದೆ ಅಂದಿದ್ದೆಲ್ಲ ಸುಳ್ಳು."

ಎದುರುಮನೆಯ ಗೇಟಿಗೆ ಹಾಲಿನವನ ಮೊಪೆಡ್ ಬಂದು ನಿಂತಿತು, ಹೋಯಿತು. ಮೊದಲು ಮಾತಾಡಿದವನು ಮಹೇಶ್. ಕಾಲು ಇಳಿಸಿ ನೆಟ್ಟಗೆ ಕೂತ. ಇದು ಶಿಸ್ತಿನ ಪ್ರಶ್ನೆ, ನಂಬಿಕೆಯ ಪ್ರಶ್ನೆ ಎಂದು ತರಗತಿಯ ದನಿಯಲ್ಲಿ ಶುರುಮಾಡಿದ. ಹೀಗೆ ಮಾಡುವವರಿಗೆ ಫೋನಿನಲ್ಲಿ ಬರುವ ಪುಕ್ಕಟೆ ಸಲಹೆಗಳೇ ಸಾಕು, ಇಂಥ ಗುಂಪು ಯಾಕೆ ಬೇಕು ಎಂದ. ಪ್ರೇಮ್‌ಕುಮಾರ್ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅವನಿಗೆ ಯಾವತ್ತೂ ಸುಲಭವಾಗಿ ಬರುತ್ತಿತ್ತು.

"ನಿಮ್ಮನ್ನ ನೋಡ್ಕೊಂಡೇ ರೀ ನಾನು ಹಿಡ್ಕೊಂಡಿದ್ದು" ಎಂದ ಮಹೇಶ್ ಕೊನೆಗೆ. "ಫ್ಯಾಕ್ಟರಿ ಸಂಬಳದಲ್ಲಿ ಇವ್ರೇ ಅಲ್ಲಾಡ್ದೆ ಕೂತಿರ್ಬೇಕಾದ್ರೆ ನಂದೇನು ಅಂತ."

ಆಗ ಭಾನುಪ್ರಿಯಾ, ಇನ್ನೂ ದುಪಟ್ಟಾವನ್ನೇ ನೋಡುತ್ತ, "ನಂದೂ ಇಲ್ಲ ಸಾರ್" ಎಂದಳು.

ಅವಳೇ ಮುಂದುವರಿಸಿದಳು. "ಅಕ್ಷಯ ತದಿಗೆ ಹೊತ್ಗೆ ಕೊಟ್ಬುಟ್ಟೆ. ಪ್ರೇಮಣ್ಣನೇ ಇದೆ ಅಂತವ್ರೆ, ನಾನು ಹೆದರ್ಕೊಂಡೆ ಅಂತ ಎಂಗ್ ಹೇಳದು? ಹೆಂಗಸು, ಅದಕ್ಕೇ ಪುಕ್ಕಲು ಅಂತೀರಾ ಅಂತ."

ರುದ್ರಸ್ವಾಮಿ ಮಹೇಶನ ಕಡೆ ನೋಡಿದರು. ಆ ನೋಟದಲ್ಲಿ ಪ್ರಶ್ನೆಯೇನೂ ಇದ್ದಂತಿರಲಿಲ್ಲ, ಬರೀ ಸರದಿಯ ಪ್ರಕಾರ ಕಣ್ಣು ಆ ಕಡೆ ಹೋಗಿತ್ತು. ಮಹೇಶನ ಕಿವಿ ಕೆಂಪಾಯಿತು.

"ನಂದು ಇದೆ ಸಾರ್" ಎಂದ. ಸ್ವಲ್ಪ ತಡೆದು, "ಒಂದ್ ಸ್ವಲ್ಪ ಇದೆ" ಎಂದ.

ರುದ್ರಸ್ವಾಮಿ ನಗಲು ನೋಡಿದರು. ಅಂಗಡಿ ಮುಚ್ಚಿದ ದಿನವೂ ಅವರು ಹೀಗೇ ನಕ್ಕಿದ್ದಿರಬೇಕು ಎಂದು ಪ್ರೇಮ್‌ಕುಮಾರನಿಗೆ ಯಾಕೋ ಅನ್ನಿಸಿತು. "ಹಂಗಾದ್ರೆ ಪೂರ್ತಿ ಹಿಡ್ಕೊಂಡ್ ಕೂತಿರೋನು ನಾನೊಬ್ನೇ" ಎಂದರು. ಬೈಯಲಿಲ್ಲ. ಇವತ್ತು ತಪ್ಪು ಹೇಳುವುದು ಬೇಡ, ಆಗಿದೆ, ಕಾಫಿ ಕುಡಿಯೋಣ ಎಂದು ಒಳಗೆ ಕೂಗಿ ಹೇಳಿದರು. ಬಸಮ್ಮ ಕಾಫಿ ತಂದು ಕೊಟ್ಟರು. ನಡೆದದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ಯಾರ ಮುಖವನ್ನೂ ನೋಡಲಿಲ್ಲ. ಕಾಫಿ ಎಂದಿನಂತೆ ಗಟ್ಟಿಯಾಗಿತ್ತು. ಎಲ್ಲರೂ ಬೇಗ ಬೇಗ ಕುಡಿದರು. ಮಹೇಶ್ ಫೋನು ತೆಗೆದುಕೊಂಡು, ಯಾರದೋ ಗೃಹಪ್ರವೇಶವಿದೆ ಎಂದು ಎದ್ದ. ಭಾನುಪ್ರಿಯಾ ಅವನ ಬೆನ್ನಿಗೇ ಹೋದಳು.

ಪ್ರೇಮ್‌ಕುಮಾರ್ ಚಪ್ಪಲಿ ಮೆಟ್ಟಿದವನು ಮತ್ತೆ ಬಿಟ್ಟು ಮೆಟ್ಟಿಲ ಹತ್ತಿರ ನಿಂತ. ಬೈದಿದ್ದರೆ ಹೋಗಿಬಿಡಬಹುದಿತ್ತು. "ಸಾರ್, ಡಿಪಾಸಿಟ್ ಮುರೀಬೇಡಿ ಸಾರ್" ಎಂದ.

ರುದ್ರಸ್ವಾಮಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಅವನ ಕಡೆ ತಿರುಗಿದರು.

"ಇದೆ ಅಂದೆ, ನಂಬ್ದೆ. ಈಗ ಮುರೀಬೇಡ ಅಂತೀಯ. ಇದನ್ನ ಯಾವ ಧೈರ್ಯದ ಮೇಲೆ ನಂಬ್ಲಯ್ಯ?"

ಅಲ್ಲಿಯವರೆಗೆ ಅವರು ಒಮ್ಮೆಯೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಅದು ಸಿಟ್ಟೋ, ಮನೆಯವನೆಂಬ ಸಲಿಗೆಯೋ, ಅಥವಾ ಅವನು ಮೊದಲಿನಿಂದಲೂ ಹೆದರುತ್ತಿದ್ದ ಇನ್ನೇನಾದರೂ ಆಗಿತ್ತೋ, ಮುಖ ನೋಡಿ ಹೇಳುವಂತಿರಲಿಲ್ಲ. "ನಂಗೆ ಗೊತ್ತಿಲ್ಲ ಸಾರ್" ಎಂದ ಪ್ರೇಮ್‌ಕುಮಾರ್. "ಅದು ಮೇಲಕ್ಕೆ ಬರ್ತದೋ ಇಲ್ವೋ ನಂಗೆ ಗೊತ್ತಿಲ್ಲ. ನಂದು ಇಲ್ಲ ಅನ್ನೋದು ಮಾತ್ರ ಗೊತ್ತು."

ರುದ್ರಸ್ವಾಮಿ ತಲೆಯಾಡಿಸಿದರು, ಕುರ್ಚಿಗಳನ್ನು ಎತ್ತಿಕೊಂಡು ಒಳಗೆ ಹೋದರು. ಅವನು ಹರಿವಾಣದಿಂದ ತನ್ನ ಫೋನು ತೆಗೆದುಕೊಂಡು, ಗೇಟಿನ ಚಿಲಕ ಸದ್ದಾಗದಂತೆ ಹಾಕಿ ಹೊರಟ.

ಮರುದಿನದಿಂದ ಅವನಿಗೆ ಎರಡನೇ ಪಾಳಿ. ಬೆಳಿಗ್ಗೆ ಸುಮಾಳ ಹೊಲಿಗೆಗೆ ಲೈನಿಂಗ್ ಬಟ್ಟೆ ತರುವ ನೆಪ ಮಾಡಿಕೊಂಡು ಬೈಕು ತೆಗೆದ. ಬಟ್ಟೆ ಅಂಗಡಿಗೆ ಆ ದಾರಿ ಸುತ್ತು ಎಂದು ಗೊತ್ತಿದ್ದರೂ ಕಾಳಿದಾಸ ರಸ್ತೆಗೇ ಬಂದ. ಸಿಗ್ನಲ್ಲಿನಲ್ಲಿ ನಿಂತಾಗ, ಎರಡು ಕಾರಿನ ಆಚೆ ಒಂದು ಆಟೋದಲ್ಲಿ ಅವರಿಬ್ಬರೂ ಇದ್ದರು. ರುದ್ರಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಬಸಮ್ಮ ನೋಯುವ ಕಾಲನ್ನು ಸೀಟಿನ ಉದ್ದಕ್ಕೂ ಚಾಚಲಾಗದೆ ಓರೆಯಾಗಿ ಕೂತು ಆಟೋದ ಕಂಬಿ ಹಿಡಿದಿದ್ದರು. ಏನೋ ಹೇಳುತ್ತಿದ್ದರು, ರುದ್ರಸ್ವಾಮಿ ಕೇಳುತ್ತಿದ್ದರು. ಪ್ರೇಮ್‌ಕುಮಾರ್ ಕೈ ಎತ್ತಲು ಹೋಗಿ ಹ್ಯಾಂಡಲನ್ನೇ ಹಿಡಿದುಕೊಂಡ. ಹಸಿರು ದೀಪ ಬಂತು. ಆಟೋ ನೇರ ಹೋಯಿತು, ನಡುವೆ ಒಂದು ಸಿಟಿ ಬಸ್ಸು ಬಂದು ನಿಂತಿತು.

ಆ ರಸ್ತೆಯಲ್ಲಿ ಮುಂದೆ ಅವರ ಬ್ಯಾಂಕೂ ಇದೆ, ಮೂಳೆಯ ಆಸ್ಪತ್ರೆಯೂ ಇದೆ. ಆಟೋ ಎಲ್ಲಿ ನಿಂತಿತೆಂದು ಅವನು ನೋಡಲಿಲ್ಲ. ನಿಚಯದ ಬೆಲೆ ಆ ವಾರ ಸ್ವಲ್ಪ ಏರಿತು, ಮತ್ತೆ ಇಳಿಯಿತು. ಮುಂದಿನ ಭಾನುವಾರ ಯಾರೂ ಯಾರನ್ನೂ ಕರೆಯಲಿಲ್ಲ, ಕೇಳುವುದಕ್ಕೆ ಅವನಿಗೆ ಮುಖವಿರಲಿಲ್ಲ. ಡಿಪಾಸಿಟ್ ಮುರಿಯಿತೋ ಉಳಿಯಿತೋ, ಗೊತ್ತಿಲ್ಲ.