ಸೊನ್ನೆ ತಾಸಿನ ಮೋಟಾರು

ಇಪ್ಪತ್ತೆರಡು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು ನಾನು, ಮುನಾಫ. ಒಂದು ಪಂಪಿನ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು, ಕಿವಿಗೊಟ್ಟು ಸದ್ದು ಕೇಳುವುದು, ಸರಿ ಅನ್ನುವುದು, ಇಷ್ಟೇ ನನ್ನ ವಿದ್ಯೆ. ಡ್ರೋನ್ ಕಂಪನಿಯಲ್ಲಿ ನೌಕರಿ ಸಿಕ್ಕ ಮೇಲೂ ಆ ಚಾಳಿ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಮಗಳು ಫರಹೀನ ಅಲ್ಲೇ ಡ್ರೋನ್ ಹಾರಿಸುತ್ತಿದ್ದಳು. ದ್ರಾಕ್ಷಿಗೆ ಔಷಧ ಹೊಡೆಯಲು ಅವಳಿಗೆ ಲೈಸೆನ್ಸ್ ಸಿಕ್ಕ ದಿನ ಓಣಿಗೆಲ್ಲ ಪೇಡೆ ಹಂಚಿದ್ದೆ.

ಆ ಸೋಮವಾರ, ಡ್ರೋನಿನ ಸ್ಥಿತಿ ತೋರಿಸುವ ಕಂಪನಿಯ ಫೋನಿನಲ್ಲಿ ಕೆಂಪು ಗುರುತು ಬಂತು: ಮೂರನೇ ಮೋಟಾರು ನಡುಗುತ್ತಿದೆ, ಬದಲಿಸಿ. ಹೊಸದನ್ನು ಸಾಂಗಲಿಗೆ ಹೋಗಿ ನಾನೇ ತರಬೇಕಿತ್ತು. ಪಕ್ಕದ ಊರು ಅನಂತಪುರದ ಸಿದ್ದಲಿಂಗನ ದ್ರಾಕ್ಷಿ ತೋಟಕ್ಕೆ ಬೂದಿರೋಗ ಬಿದ್ದಿತ್ತು, ಅವನು ತಾಸಿಗೊಮ್ಮೆ ಫೋನ್ ಮಾಡುತ್ತಿದ್ದ. ಆ ಸಂಜೆಯೇ ಗುಜರಿಗೆ ಹೊರಟಿದ್ದ ಹಳೆಯ ಡ್ರೋನಿನ ಮೋಟಾರು ಬಿಚ್ಚಿ ಕೂಡಿಸಿದೆ. ಸದ್ದು ಚೆನ್ನಾಗಿಯೇ ಇತ್ತು. ಫೋನಿನಲ್ಲಿ ‘ಹೊಸದು’ ಎಂದು ಒತ್ತಿದೆ. ಮೋಟಾರು ಓಡಿದ ತಾಸಿನ ಲೆಕ್ಕ ಸೊನ್ನೆಗೆ ಬಂತು, ಗುರುತು ಹಸಿರಾಯಿತು. ರಜಿಸ್ಟರಿನಲ್ಲೂ ‘ಹೊಸ ಮೋಟಾರು’ ಎಂದೇ ಬರೆದು ಸಹಿ ಹಾಕಿದೆ. ಫರಹೀನಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಹಾರಿಸುತ್ತಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಫರಹೀನ ಸಿದ್ದಲಿಂಗನ ತೋಟದ ಮೇಲೆ ಹಾರಿಸುತ್ತಿದ್ದಾಗ ಆ ಮೋಟಾರು ಗಾಳಿಯಲ್ಲೇ ಹೊಗೆಯಾಡಿ ನಿಂತಿತು. ಡ್ರೋನ್ ಓರೆಯಾಗಿ ಬಿತ್ತು. ಬದುವಿನ ಮೇಲೆ ನಿಂತಿದ್ದ ಸಿದ್ದಲಿಂಗನ ಮುಖಕ್ಕೆ ಅದರ ತಿರುಗುವ ರೆಕ್ಕೆ ಬಡಿಯಿತು. ಬಲಗಣ್ಣು ಉಳಿಯಲಿಲ್ಲ.

ವಿಚಾರಣೆಗೆ ಕಂಪನಿಯ ಶ್ರೇಣಿಕ ಸಾಹೇಬರು ಬಂದರು. ಫೋನ್ ತೆಗೆದು ನೋಡಿದರು.

“ಎಲ್ಲಾ ಹಸರ ಐತಿ. ಮಷೀನಿಂದೇನೂ ತಪ್ಪಿಲ್ಲ, ಹಾರಿಸಿದಾಕಿದ ತಪ್ಪು. ಲೈಸೆನ್ಸ್ ಹೋಗತೈತಿ.”

ನಾನು ಎದ್ದು ನಿಂತೆ. “ಸಾಹೇಬ್ರ, ತಪ್ಪು ನಂದ್ರಿ. ಅದು ಗುಜರಿ ಮೋಟಾರ್ ಐತ್ರಿ, ನಾನ ಹಾಕೀನಿ. ಮೋಟಾರ್ ಮ್ಯಾಲಿನ ನಂಬರ್ ನೋಡ್ರಿ.”

“ಸುಟ್ಟ ಕರಕಲ ಆಗೇತಿ, ಏನ್ ನಂಬರ್ ನೋಡ್ಲಿ?” ರಜಿಸ್ಟರ್ ನನ್ನ ಮುಂದೆ ತಳ್ಳಿದರು. “ಹೊಸಾದು ಅಂತ ನೀವ ಬರದೀರಿ, ಸಹೀನೂ ನಿಮ್ಮದ ಐತಿ. ಮಗಳನ್ನ ಉಳಸಾಕ ಕಥಿ ಕಟ್ಟಬ್ಯಾಡ್ರಿ, ಮುನಾಫಭಾಯ್.”

ಹೇಸಿಗೆಯಾಯಿತು, ಅವರ ಮೇಲಲ್ಲ, ನನ್ನ ಮೇಲೆಯೇ. ಬದುಕಿನಲ್ಲಿ ಬರೆದ ಒಂದೇ ಒಂದು ಸುಳ್ಳನ್ನು ಎಲ್ಲರೂ ನಂಬಿದ್ದರು.

ಪಕ್ಕದಲ್ಲೇ ಕುಳಿತಿದ್ದ, ಮೂರು ದಿನದಿಂದ ಊಟ ಬಿಟ್ಟಿದ್ದ ಫರಹೀನ ನನ್ನ ಕೈ ಹಿಡಿದುಕೊಂಡಳು.

“ಅಬ್ಬಾ, ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ. ನೀ ಹಂತಾ ಕೆಲಸ ಮಾಡಾಂವ ಅಲ್ಲ, ನಂಗ ಗೊತ್ತೈತಿ. ಆ ಮನಷ್ಯಾನ ಕಣ್ಣ ನಾನ ತಗದೀನಿ.”

“ಅಲ್ಲಾನ ಆಣಿ ಬೇಟಾ, ನಾನ…”

“ಆಣಿ ಹಾಕಬ್ಯಾಡ ಅಬ್ಬಾ, ಪಾಪ ಹತ್ತತೈತಿ,” ಎಂದಳು. ಸಾಹೇಬರ ಪೆನ್ನು ಇಸಿದುಕೊಂಡು ಅವರು ಬರೆದು ತಂದಿದ್ದ ತಪ್ಪೊಪ್ಪಿಗೆಯ ಕೆಳಗೆ ಸಹಿ ಹಾಕಿದಳು.