ಮೋನಪ್ಪನವರ ನೂರೈವತ್ತು ಮಿಲಿಮೀಟರ್

ಮೋನಪ್ಪನವರು ಓರೆಯಾಗಿ ನಡೆದದ್ದನ್ನು ಕಂಡವರು ಮದ್ರಾಸಿನಲ್ಲಿ ಯಾರೂ ಇಲ್ಲ. ಮೌಂಟ್ ರೋಡಿನ ನಮ್ಮ ಇಂಜಿನಿಯರಿಂಗ್ ಕಚೇರಿಯಲ್ಲಿ ಅವರ ಮೇಜಿನಿಂದ ನೀರಿನ ಹೂಜಿಗೆ ಅಡ್ಡಹಾಯ್ದು ಹೋದರೆ ಎಂಟೇ ಹೆಜ್ಜೆ. ಅವರು ಮಾತ್ರ ಗೋಡೆಗುಂಟ ಏಳು ಹೆಜ್ಜೆ ನಡೆದು, ತೊಂಬತ್ತು ಡಿಗ್ರಿ ತಿರುಗಿ, ಮತ್ತೆ ನಾಲ್ಕು ಹೆಜ್ಜೆ ಇಟ್ಟು, ಒಂದು ಲೋಟ ನೀರು ಕುಡಿದು, ಬಂದ ದಾರಿಯಲ್ಲೇ ಲಂಬಕೋನವನ್ನು ಕೆಡಿಸದೆ ಹಿಂದಿರುಗುತ್ತಿದ್ದರು. ಬಾಯಾರಿಕೆಗೂ ಜ್ಯಾಮಿತಿಗೂ ಜಗಳ ಬಂದರೆ ಅವರ ಪಕ್ಷಪಾತ ಜ್ಯಾಮಿತಿಯ ಕಡೆಗೇ.

ಉಡುಪಿಯ ಕಡೆಯವರು. ಹೆಡ್ ಡ್ರಾಫ್ಟ್ಸ್‌ಮನ್. ನಕ್ಷೆಯ ಹಲಗೆಯ ಮುಂದೆ ಇಪ್ಪತ್ತೆಂಟು ವರ್ಷ ನಿಂತ ಫಲವಾಗಿ ಬೆನ್ನು ಕೊಂಚ ಮುಂದಕ್ಕೆ ಬಾಗಿತ್ತು. ಮೇ ತಿಂಗಳ ಮದ್ರಾಸಿನಲ್ಲೂ ಬೂದುಬಣ್ಣದ ಕೋಟೊಂದನ್ನು ಧರಿಸುತ್ತಿದ್ದರು. ಎದೆಯ ಜೇಬಿನಲ್ಲಿ ಗಡಸುತನದ ಅನುಕ್ರಮದಲ್ಲಿ ನಿಂತ ಐದು ಪೆನ್ಸಿಲು, ಒಳಜೇಬಿನಲ್ಲೊಂದು ಭೂತಗನ್ನಡಿ, ಪಕ್ಕದ ಜೇಬಿನಲ್ಲಿ ತಪ್ಪು ಗೆರೆಗಳನ್ನು ಕೆರೆಯಲು ಅರ್ಧ ಬ್ಲೇಡು. ಕಟ್ಟಡದ ಅಳತೆಯನ್ನು ಐವತ್ತರಲ್ಲೊಂದು ಪಾಲಿಗೆ ಇಳಿಸುವುದಕ್ಕೆ ಮಿಕ್ಕವರೆಲ್ಲ ಸ್ಕೇಲು ತಿರುಗಿಸುತ್ತಿದ್ದರೆ, ಇವರ ತಲೆ ತಾನಾಗಿಯೇ ಭಾಗಿಸಿಬಿಡುತ್ತಿತ್ತು: ಒಂಬತ್ತು ಮೀಟರ್ ಅಂದರೆ ನೂರೆಂಬತ್ತು ಮಿಲಿಮೀಟರ್. ಸ್ಕೇಲು ಕೈಲಿದ್ದರೂ ನೆಟ್ಟಗೊಂದು ಗೆರೆ ಎಳೆಯಲಾರದ ನಾನು ಅದೇ ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತನಾಗಿದ್ದೆ, ಮತ್ತು ಅವರನ್ನು ಕಂಡಾಗಲೆಲ್ಲ ನನ್ನ ಬಾಳಿನ ಸೊಟ್ಟತನ ನೆನಪಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ.

ಎಂಬತ್ತೇಳರಲ್ಲಿ ನಕ್ಷೆ ಬರೆಯುವ ಕಂಪ್ಯೂಟರ್ ಬಂತು. ಅದಕ್ಕೆ ಗಾಜಿನ ಕೋಣೆ, ಹವಾನಿಯಂತ್ರಣ. ಒಳಹೋಗುವವರು ಗರ್ಭಗುಡಿಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಡಬೇಕು. ಮೋನಪ್ಪನವರ ಕೋಟಿಗೆ ಸೇವಾವಧಿಯಲ್ಲಿ ಮೊದಲ ಬಾರಿ ಒಂದು ಸಾರ್ಥಕ್ಯ ಒದಗಿತು. ಆದರೆ ಅದೇ ವಾರ ಮುಖ್ಯ ಇಂಜಿನಿಯರ್ ಶಂಕರನಾರಾಯಣ ಅವರ ಆಜ್ಞೆಯೂ ಬಂತು: ಆರು ವಾರದ ನಂತರ ಒಂದು ಪರೀಕ್ಷೆ, ಯಾರ ನೆರವೂ ಇಲ್ಲದೆ ಯಂತ್ರದಲ್ಲಿ ಒಂದು ಪೂರ್ತಿ ನಕ್ಷೆ ತೆಗೆದವರು ವಿಭಾಗದಲ್ಲಿ ಉಳಿಯುತ್ತಾರೆ, ಉಳಿದವರು ಅಂಬತ್ತೂರಿನ ಗೋದಾಮಿನಲ್ಲಿ ಹಳೆಯ ನಕ್ಷೆಗಳ ಕಟ್ಟು ಕಾಯುತ್ತಾರೆ. ಮೋನಪ್ಪನವರಿಗೆ ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಅಂಬತ್ತೂರು ಎಂಬ ಹೆಸರು ಕೇಳಿದಾಗ ಅವರು ಪೆನ್ಸಿಲೊಂದನ್ನು ತೆಗೆದು, ಆಗಲೇ ಮೊನಚಾಗಿದ್ದುದನ್ನು ಮತ್ತೆ ಹೆರೆಯಲು ತೊಡಗಿದರು.

ಕಲಿಸಲು ನೇಮಕವಾದವಳು ಪೆರಂಬೂರಿನ ರೈಲ್ವೆ ಕುಟುಂಬದ ನೀರಜಾ, ಇಪ್ಪತ್ತಮೂರರ ಹುಡುಗಿ. ಮೊದಲ ದಿನ ಅವಳು ಸೊನ್ನೆಯಿಂದ ಬಲಕ್ಕೆ ನಲವತ್ತರವರೆಗೆ ಒಂದು ಗೆರೆ ಎಳೆಸಿ, ಅದನ್ನು ಇನ್ನೂ ಮೂವತ್ತು ಮುಂದುವರಿಸಿ ಅಂದಳು. ಇವರು ಮೂವತ್ತು ಎಂದು ಒತ್ತಿದರು. ಗೆರೆ ಮುಂದಕ್ಕೆ ಹೋಗುವ ಬದಲು ಬಂದ ದಾರಿಯಲ್ಲೇ ಹಿಂದಕ್ಕೆ ಬಂತು.

“ಇದಕ್ಕೆ ಎಂತ ಆಯಿತು?” ಅಂದರು ಮೋನಪ್ಪನವರು.

“ಅದು ಯಾವಾಗ್ಲೂ ಸೊನ್ನೆಯಿಂದಾನೇ ಎಣಿಸುತ್ತೆ ಸಾರ್. ನೀವು ಟಿ. ನಗರದಲ್ಲಿ ನಿಂತ್ಕೊಂಡು ದಾರಿ ಕೇಳಿದ್ರೂ ಅದು ಸೆಂಟ್ರಲ್ ಸ್ಟೇಷನ್‌ನಿಂದ ಎಷ್ಟು ದೂರ ಅಂತಾನೇ ಹೇಳೋದು. ಇಲ್ಲೇ ಇರೋ ಜಾಗದಿಂದ ಮೂವತ್ತು ಅನ್ನಬೇಕಾದ್ರೆ ಮುಂದೆ ಈ ಸುರುಳಿ ಗುರುತು ಹಾಕಬೇಕು. ಅವ್ಳೋದಾನ್, ಅಷ್ಟೇ.”

“ಅಂದರೆ ತಾನೀಗ ಎಲ್ಲಿದ್ದೇನೆ ಅಂತ ಇದಕ್ಕೆ ನಾವು ನೆನಪು ಮಾಡಬೇಕು. ನಮ್ಮ ಭಾವನ ಹಾಗೆ.”

ಮೈಲಾಪೂರಿನ ಮನೆಯಲ್ಲಿ ಅಭ್ಯಾಸಕ್ಕೆ ಯಂತ್ರವೆಲ್ಲಿಯದು? ಅವರು ಬಾಗಿಲ ಮುಂದಿನ ರಂಗೋಲಿಯನ್ನು ಹಿಡಿದರು. ಎಡತುದಿಯ ಚುಕ್ಕಿಯೇ ಸೊನ್ನೆ. ಅಲ್ಲಿಂದ ಬಲಕ್ಕೆಷ್ಟು, ಮೇಲಕ್ಕೆಷ್ಟು ಎಂದು ಪ್ರತಿ ಚುಕ್ಕಿಗೂ ವಿಳಾಸ ಕೊಡುತ್ತ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು.

“ನಿಮಗೆ ಬೇರೆ ಕೆಲಸ ಇಲ್ಲವಾ? ಹಾಲಿನವ ನೋಡಿ ನಗಾಡ್ತಾನೆ” ಎಂದು ಹೆಂಡತಿ ರತ್ನಾವತಿ ಒಳಗಿನಿಂದ ಹೇಳಿದರೆ, “ಅವ ನಿಂತದ್ದು ಆರು, ನಾಲ್ಕರಲ್ಲಿ. ಸ್ವಲ್ಪ ಆಚೆ ಹೋಗಲಿಕ್ಕೆ ಹೇಳು” ಎಂಬ ಉತ್ತರ. ಅಂಬತ್ತೂರಿನ ವಿಷಯ ಮಾತ್ರ ಆಕೆಗೆ ತಿಳಿಸಿರಲಿಲ್ಲ.

ಪರೀಕ್ಷೆಗೆ ಕೊಟ್ಟದ್ದು ಒಂದು ಪಂಪ್ ಹೌಸ್. ಶಂಕರನಾರಾಯಣ ಅವರೇ ಕೈಯಲ್ಲಿ ಗೀಚಿದ ಕರಡಿನಲ್ಲಿ ಅಳತೆಗಳಿದ್ದವು. ಕೂತವರು ಇಬ್ಬರು: ಮೋನಪ್ಪನವರು, ಮತ್ತು ಮೈಸೂರಿನ ಭೋಜರಾಜ, ಮೂವತ್ತರ ಚುರುಕು ಮನುಷ್ಯ. ಭೋಜರಾಜ ಬೆಳಿಗ್ಗೆಯೇ ಸುಂದರವಾದ ಹಾಳೆಯೊಂದನ್ನು ತೆಗೆದು ಮುಗಿಸಿದ್ದ. ಮೋನಪ್ಪನವರದು ಹನ್ನೆರಡೂವರೆಗೆ ಮುಗಿಯಿತು. ಪರದೆಯ ಮೇಲೆ ಅದೂ ತುಂಬಿಕೊಂಡು ಶೋಭಿಸುತ್ತಿತ್ತು. ಸಹಿಯ ಪತ್ರಗಳನ್ನು ಹಿಡಿದು, ಬರಿಗಾಲಲ್ಲಿ, ನಾನೂ ಅಲ್ಲಿದ್ದೆ.

ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಪ್ಲಾಟರ್ ಯಂತ್ರಕ್ಕೆ ಅಪ್ಪಣೆಯಾಯಿತು. ಪ್ರತಿ ಸಲ ಕಾಲುಗಂಟೆ ಅತ್ತಿಂದಿತ್ತ ಓಡಾಡುವ ಆ ಪೆನ್ನು, ಈಗ ದೊಡ್ಡ ಹಾಳೆಯ ಒಂದು ಮೂಲೆಗೆ ಹೋಗಿ, ತುರಿಕೆಯಾದವರಂತೆ ಅಲ್ಲೇ ಸ್ವಲ್ಪ ಕೆರೆದು, ಸ್ವಸ್ಥಾನಕ್ಕೆ ಹಿಂದಿರುಗಿತು. ಮೂಲೆಯಲ್ಲಿ ಹೆಸರುಕಾಳಿನಷ್ಟು ಒಂದು ಕಪ್ಪು ಕಲೆ.

“ಮೋನಪ್ಪನವ್ರೇ, ಇದು ಇರುವೆಗಳಿಗೆ ನೀರು ಬಿಡೋ ಪಂಪ್ ಹೌಸಾ?” ಅಂದ ಭೋಜರಾಜ.

ಮೋನಪ್ಪನವರು ಒಳಜೇಬಿನ ಭೂತಗನ್ನಡಿ ತೆಗೆದು, ಬಗ್ಗಿ, ಆ ಕಲೆಯನ್ನು ಸಾವಧಾನವಾಗಿ ನೋಡಿದರು. “ಪಂಪ್ ಹೌಸೇ. ಎರಡು ಸಲ ಸಣ್ಣ ಆಗಿದೆ, ಅಷ್ಟೇ.” ಯಂತ್ರದಲ್ಲಿ ಕಟ್ಟಡವನ್ನು ಅದರ ನಿಜವಾದ ಅಳತೆಯಲ್ಲೇ ಬರೆಯಬೇಕು, ಕಿರಿದಾಗಿಸುವುದು ಹಾಳೆಗೆ ಇಳಿಸುವಾಗ. ಇಪ್ಪತ್ತೆಂಟು ವರ್ಷ ಪಳಗಿದ ತಲೆ ಹೇಳದೆ ಕೇಳದೆ ಪ್ರತಿ ಅಂಕಿಯನ್ನೂ ಐವತ್ತರಿಂದ ಭಾಗಿಸಿತ್ತು, ಪ್ಲಾಟರ್ ತನ್ನ ಪಾಲಿನದನ್ನು ಮತ್ತೊಮ್ಮೆ ಭಾಗಿಸಿತ್ತು.

ಶಂಕರನಾರಾಯಣ ಒಳಕೋಣೆಯಲ್ಲಿ ಫೋನಿನಲ್ಲಿದ್ದರು. ನೀರಜಾ ತಗ್ಗಿದ ದನಿಯಲ್ಲಿ, “ಎದ್ದೇಳಿ ಸಾರ್, ಒಂದು ನಿಮಿಷ. ಐವತ್ತು ಪಟ್ಟು ದೊಡ್ಡದು ಮಾಡ್ಬಿಡ್ತೀನಿ. ಅವರಿಗೆ ತೆರಿಯಾದು, ಗೊತ್ತೇ ಆಗಲ್ಲ” ಎಂದಳು.

“ಬೇಡ ಮಾರಾಯ್ತಿ. ಹೇಗೆ ಮಾಡುವುದು ಅಂತ ಹೇಳು ಸಾಕು, ನಾನೇ ಮಾಡ್ತೇನೆ.”

ಅವಳು ಹೇಳಿದಳು, ಅವರು ಒತ್ತಿದರು. ಎರಡನೆಯ ಹಾಳೆಯ ಮೇಲೆ ಪೆನ್ನು ಕಾಲುಗಂಟೆ ಓಡಾಡಿತು. ಕೊನೆಯ ಗೆರೆ ಒಣಗುವ ಮೊದಲೇ ಶಂಕರನಾರಾಯಣ ಬಂದರು. ಅವರ ವಂಶ ಕನ್ನಡನಾಡು ಬಿಟ್ಟು ಮದ್ರಾಸಿನ ತಿರುವಲ್ಲಿಕ್ಕೇಣಿಗೆ ಬಂದು ಐದು ತಲೆಮಾರಾಗಿತ್ತು. ಕನ್ನಡ ಅವರ ಬಾಯಲ್ಲಿ ಅತಿಥಿಯಂತೆ ಇರುತ್ತಿತ್ತು.

“ಎನ್ನ ಮೋನಪ್ಪ, ಏನಾಯ್ತು? ಯಾರ್ನಾದ್ರೂ ಕೇಳಿದ್ರಾ?”

ನಾನು ಸೂರು ನೋಡಿದೆ. ಭೋಜರಾಜ ನೆಲ ನೋಡಿದ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಕೇಳಿದೆ. ದೊಡ್ಡದು ಮಾಡುವುದು ಹೇಗೆ ಅಂತ ಈ ಹುಡುಗಿ ಹೇಳಿಕೊಟ್ಟಳು.”

“ಹಾಗಾದ್ರೆ ರೂಲ್ ರೂಲೇ” ಎಂದು ಹಾಳೆಯನ್ನು ಎತ್ತಿಕೊಂಡ ಶಂಕರನಾರಾಯಣ ಹುಬ್ಬು ಗಂಟಿಕ್ಕಿದರು. “ಇದೇನಿದು, ದಕ್ಷಿಣದ ಗೋಡೆ ಓಪನ್ ಇದೆ? ಮೂಲೆ ಸೇರೇ ಇಲ್ಲವೇ.” ಹೆಸರುಕಾಳಿನಲ್ಲಿ ಅಡಗಿದ್ದದ್ದು ಈಗ ಎಲ್ಲರಿಗೂ ಕಾಣುತ್ತಿತ್ತು: ಗೋಡೆಯ ಎರಡು ತುದಿಗಳ ನಡುವೆ ಒಂದು ಸಣ್ಣ ಬಿರುಕು, ಪಕ್ಕದಲ್ಲಿ ‘ಅಳತೆ ಕೂಡುವುದಿಲ್ಲ, ವಿಚಾರಿಸಿ’ ಎಂಬರ್ಥದ ಇಂಗ್ಲಿಷಿನ ಒಂದು ಸಾಲು.

“ನಿಮ್ಮ ಕರಡಿನಲ್ಲಿ ಉತ್ತರದ ಗೋಡೆಗೆ ಒಂಬತ್ತು ಸಾವಿರ ಮಿಲಿಮೀಟರ್ ಉಂಟು. ದಕ್ಷಿಣದ ಮೂರು ತುಂಡು ಕೂಡಿಸಿದರೆ ಎಂಟು ಸಾವಿರದ ಎಂಟುನೂರೈವತ್ತು. ನೂರೈವತ್ತು ಕಡಿಮೆ. ಯಾವುದು ಸರಿ ಅಂತ ನನಗೆ ಹೇಗೆ ಗೊತ್ತು?”

ಶಂಕರನಾರಾಯಣ ಭೋಜರಾಜನ ಹಾಳೆ ತರಿಸಿದರು. ಅದರಲ್ಲಿ ಮೂಲೆ ಅಂದವಾಗಿ ಸೇರಿತ್ತು. “ಸ್ವಲ್ಪ ಎಳೆದು ಸೇರಿಸ್ದೆ ಸಾರ್, ನೋಡೋಕೆ ನೀಟಾಗಿರ್ಲಿ ಅಂತ” ಎಂದ ಭೋಜರಾಜ. ಮುಖ್ಯ ಇಂಜಿನಿಯರರು ತಮ್ಮದೇ ಅಕ್ಷರದ ಕರಡನ್ನು ಮುಂದಿಟ್ಟುಕೊಂಡು, ನನ್ನ ಪತ್ರವೊಂದರ ಹಿಂಬದಿಯಲ್ಲಿ ಆ ಮೂರು ಅಂಕಿಗಳನ್ನು ಮೂರು ಸಲ ಕೂಡಿಸಿದರು. ಆಮೇಲೆ ಊಟಕ್ಕೆ ಹೋದರು.

ಸೋಮವಾರ ಹೊಸ ಆಜ್ಞೆಯನ್ನು ಟೈಪು ಮಾಡಿದವನು ನಾನೇ. ಯಂತ್ರ ಭೋಜರಾಜನಿಗೆ. ಮೋನಪ್ಪನವರಿಗೆ ಅಂಬತ್ತೂರಿಲ್ಲ, ಗಾಜಿನ ಬಾಗಿಲ ಹೊರಗೆ ಒಂದು ಮೇಜು. ಅವರ ಸಹಿ ಬೀಳದೆ ಯಾವ ಹಾಳೆಯೂ ಕಚೇರಿಯಿಂದ ಆಚೆ ಹೋಗಕೂಡದು. ಅವರ ನಕ್ಷೆಯ ಹಲಗೆ ಮಾತ್ರ ಗೋದಾಮಿಗೆ ಹೋಯಿತು. ನಿವೃತ್ತಿಯವರೆಗಿನ ಏಳು ವರ್ಷದಲ್ಲಿ ಅವರು ತಾವಾಗಿ ಒಂದು ಗೆರೆಯನ್ನೂ ಎಳೆಯಲಿಲ್ಲ. ಅದು ಗೆಲುವೋ ಸೋಲೋ ಎಂದು ಒಮ್ಮೆ ಕೇಳಿದ್ದಕ್ಕೆ, “ಸಂಬಳ ಉಂಟಲ್ಲ” ಎಂದು, ತಮ್ಮ ಮುಂದಿದ್ದ ಹಾಳೆಯಲ್ಲಿ ಎಂಟು ತಪ್ಪು ತೋರಿಸಿದರು.

ಈ ಬಗೆಯ ಜನ ಮೇಧಾವಿಗಳಲ್ಲ. ಹೊಸದರ ಮುಂದೆ ಎಡವುತ್ತಾರೆ, ಎಡವಿದ್ದನ್ನು ಮರೆಮಾಡುವ ಜಾಣ್ಮೆಯೂ ಅವರಿಗಿರುವುದಿಲ್ಲ. ಆದರೆ ಕೂಡದ ಎರಡು ತುದಿಗಳನ್ನು, ನೋಡುವವರ ಸಮಾಧಾನಕ್ಕೆಂದು ಎಳೆದು ಸೇರಿಸಲು ಅವರ ಕೈ ಏಳುವುದಿಲ್ಲ. ನಾವೆಲ್ಲ ಸೇರಿಸಿಬಿಡುತ್ತೇವೆ, ನಾನಂತೂ ಬರೆಯುವಾಗ ಇಂಥ ಬಿರುಕು ಕಂಡರೆ ಒಂದು ಒಳ್ಳೆಯ ವಿಶೇಷಣ ಮೆತ್ತಿ ಮುಂದೆ ಹೋಗುವವನು. ಇಂಥವರು ಇರುವ ಕಚೇರಿಯಲ್ಲಿ ಕೆಲಸ ತಡವಾಗುತ್ತದೆ, ಮೇಲಿನವರಿಗೆ ಮುಖಭಂಗವಾಗುತ್ತದೆ, ಊಟ ತಣ್ಣಗಾಗುತ್ತದೆ. ಕಟ್ಟಿದ ಗೋಡೆಯನ್ನು ಮಾತ್ರ ಎರಡನೆಯ ಸಲ ಒಡೆಯಬೇಕಾಗುವುದಿಲ್ಲ.